ಸಂಬಳವಿಲ್ಲದ ಕಮೊಡೋರ್: ಸದಸ್ಯರೇ ನಡೆಸುವ ಹಾಯಿದೋಣಿ ಕ್ಲಬ್ಬಿಗೆ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಸಣ್ಣ ಸೇಲಿಂಗ್ ಕ್ಲಬ್ಬಿಗೆ ಮೊದಲ ಸಲ ಬಂದ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇಲ್ಲಿ ಮ್ಯಾನೇಜರ್ ಯಾರು?" ಮ್ಯಾನೇಜರ್ ಇರುವುದಿಲ್ಲ. ಟೀ ಕೊಟ್ಟವರು ಬೆಳಿಗ್ಗೆ ರೇಸ್ ಮಾಡಿ ಬಂದವರು. ಗೇಟಿನ ಬೀಗ ತೆಗೆದವರು ನಿವೃತ್ತ ಮೇಷ್ಟರು. ಬಕೆಟ್ ಹಿಡಿದು ಟಾಯ್ಲೆಟ್ ತೊಳೆಯುತ್ತಿರುವವರು ಕ್ಲಬ್ಬಿನ ಅಧ್ಯಕ್ಷರು, ಅಂದರೆ ಕಮೊಡೋರ್. ರಟ್‌ಲೆಂಡ್ ವಾಟರ್‌ನಂಥ ದೊಡ್ಡ ಜಲಾಶಯದ ಕ್ಲಬ್ಬುಗಳಲ್ಲಿ ಒಂದಿಷ್ಟು ಸಂಬಳದ ಸಿಬ್ಬಂದಿ ಇರಬಹುದು. ಸಣ್ಣ ಕ್ಲಬ್ಬುಗಳಲ್ಲಿ ಸದಸ್ಯತ್ವದ ಹಣ ಜಲಾಶಯದ ಒಡೆತನವಿರುವ ನೀರಿನ ಕಂಪನಿಗೆ ಕೊಡುವ ಬಾಡಿಗೆ, ವಿಮೆ, ಪೆಟ್ರೋಲು ಇಷ್ಟಕ್ಕೇ ಸರಿಹೋಗುತ್ತದೆ. ಮಿಕ್ಕಿದ್ದೆಲ್ಲ ಸದಸ್ಯರ ಮೈಕೆಲಸ.

ಇದಕ್ಕೊಂದು ಹಿನ್ನೆಲೆ ಇದೆ. 1962ರಲ್ಲಿ ಡೈಲಿ ಮಿರರ್ ಪತ್ರಿಕೆಯ ಬೆಂಬಲದಿಂದ 'ಮಿರರ್' ಅನ್ನೋ ಪುಟ್ಟ ದೋಣಿ ಬಂತು. ಪ್ಲೈವುಡ್ ತುಂಡುಗಳ ಕಿಟ್, ಬೆಲೆ 63 ಪೌಂಡ್ 11 ಶಿಲಿಂಗ್. ತಾಮ್ರದ ತಂತಿಯಲ್ಲಿ ಹಲಗೆಗಳನ್ನು ಹೊಲಿದು, ಸಂದುಗಳಿಗೆ ರೆಸಿನ್ ಮೆತ್ತಿ, ಮನೆಯ ಗ್ಯಾರೇಜಿನಲ್ಲೇ ಕಟ್ಟಬಹುದಿತ್ತು. ಇಂಥ ದೋಣಿಗಳು ಎಪ್ಪತ್ತು ಸಾವಿರಕ್ಕೂ ಜಾಸ್ತಿ ಆದವು. ಹಾಯಿದೋಣಿ ಶ್ರೀಮಂತರ ಆಟ ಅಂತಿದ್ದದ್ದು ಮೇಷ್ಟರು, ಮೆಕ್ಯಾನಿಕ್ಕುಗಳ ಕೈಗೂ ಬಂತು. ತಮ್ಮ ದೋಣಿಯನ್ನು ತಾವೇ ಕಟ್ಟಿಕೊಂಡವರು ಕ್ಲಬ್ಬಿನ ಛಾವಣಿ ಹಾಕುವುದಕ್ಕೂ ಹಿಂದೆಮುಂದೆ ನೋಡಲಿಲ್ಲ.

ಈ ಬರಹ ಎರಡು ಬಗೆಯ ಓದುಗರಿಗೆ. ಇಲ್ಲಿ ಕ್ಲಬ್ ಸೇರಿ, ಎರಡು ವರ್ಷ ಆದಮೇಲೆ "ನೀವೂ ಕಮಿಟಿಗೆ ಬನ್ನಿ" ಅನ್ನಿಸಿಕೊಂಡವರಿಗೆ. ಮತ್ತೆ, ಊರಲ್ಲಿ ಇಂಥದ್ದೊಂದು ಕಟ್ಟಬೇಕು ಅಂತ ಮನಸ್ಸಿರುವವರಿಗೆ. ಇಂಥ ಕ್ಲಬ್ಬುಗಳು ಕೆಲಸ ಮಾಡುವವರಿಲ್ಲದೆ ಸೊರಗುವುದು ಕಡಿಮೆ ಅನ್ನೋದು ನನ್ನ ಅಭಿಪ್ರಾಯ. ಒಬ್ಬರೋ ಇಬ್ಬರೋ ಎಲ್ಲವನ್ನೂ ತಲೆಮೇಲೆ ಹೊತ್ತಿರುತ್ತಾರೆ. ಉಳಿದವರಿಗೆ ಏನು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ. ಸೊರಗುವುದು ಅದರಿಂದ.

ಹಂತ 1: ಕೆಲಸಗಳನ್ನೆಲ್ಲ ಬರೆದಿಡಿ

ಒಂದು ಸಂಜೆ ನಾಲ್ಕೈದು ಜನ ಕೂತು, ವರ್ಷವಿಡೀ ಕ್ಲಬ್ಬಿನಲ್ಲಿ ಯಾರು ಏನು ಮಾಡುತ್ತಾರೆ ಅಂತ ಬರೆಯಿರಿ. ರೇಸ್ ನಡೆಸುವುದು, ಸೇಫ್ಟಿ ಬೋಟ್ (ಮಗುಚಿದವರ ನೆರವಿಗೆ ಹೋಗುವ ಎಂಜಿನ್ ದೋಣಿ) ಓಡಿಸುವುದು, ಅಡುಗೆಮನೆ ಇವೆಲ್ಲ ಥಟ್ಟನೆ ನೆನಪಾಗುತ್ತವೆ. ನೆನಪಾಗದೇ ಹೋಗುವುದೇ ನಿಜವಾದ ಪಟ್ಟಿ. ಗ್ಯಾಸ್ ಸಿಲಿಂಡರ್ ಬದಲಿಸುವವರು, ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ದಿನಾಂಕ ನೋಡುವವರು, ಕಸದ ಡಬ್ಬಿಯನ್ನು ರಸ್ತೆಗೆ ಎಳೆದು ಇಡುವವರು, ಬೇಸಿಗೆಯಲ್ಲಿ ನೀರಿಗೆ ನೀಲಿ-ಹಸಿರು ಪಾಚಿ ಬಂದಿದೆಯಾ ಅಂತ ನೀರಿನ ಕಂಪನಿಗೆ ಫೋನ್ ಮಾಡುವವರು. ಬರೆದು ಮುಗಿದ ಮೇಲೆ ನೋಡಿ, ಒಂದೇ ಹೆಸರು ಎಷ್ಟು ಸಲ ಬಂದಿದೆ ಅಂತ. ಹತ್ತು ಸಲ ಬಂದಿದ್ದರೆ ನಿಮ್ಮ ಮೊದಲ ಕೆಲಸ ಯಾವುದು ಅಂತ ಗೊತ್ತಾಯಿತು.

ಆಮೇಲೆ ಪಟ್ಟಿಯನ್ನು ಮೂರು ಪಾಲು ಮಾಡಿ. ತರಬೇತಿ ಇಲ್ಲದೆ ಮಾಡಲೇಬಾರದವು, ವಾರವಾರ ಬರುವವು, ವರ್ಷಕ್ಕೊಮ್ಮೆ ಬರುವವು. ಮೂರಕ್ಕೂ ಜನರನ್ನು ಹುಡುಕುವ ದಾರಿ ಬೇರೆಬೇರೆ.

ಹಂತ 2: ಪಾಳಿಯ ಲೆಕ್ಕ

ಏಪ್ರಿಲ್‌ನಿಂದ ಅಕ್ಟೋಬರ್ ತನಕ ಸುಮಾರು 30 ಭಾನುವಾರ ಸಿಗುತ್ತವೆ. ಪ್ರತಿ ಭಾನುವಾರ ರೇಸ್ ಅಧಿಕಾರಿ ಒಬ್ಬರು, ಅವರ ಸಹಾಯಕ್ಕೆ ಒಬ್ಬರು, ಸೇಫ್ಟಿ ಬೋಟಿನಲ್ಲಿ ಇಬ್ಬರು, ಅಡುಗೆಮನೆಯಲ್ಲಿ ಒಬ್ಬರು. ಒಟ್ಟು ಐದು. ಅಲ್ಲಿಗೆ 150 ಪಾಳಿ. ಪಾಳಿ ಮಾಡಬಲ್ಲ ಸದಸ್ಯರು 60 ಅಂತಿಟ್ಟುಕೊಳ್ಳಿ. ಒಬ್ಬರಿಗೆ ಮೂರು ಪಾಳಿ ಅಂದರೆ 180 ಆಗುತ್ತದೆ, 30 ಮಿಗುತ್ತವೆ. ಹುಷಾರು ತಪ್ಪಿದವರಿಗೆ, ಊರಿಗೆ ಹೋದವರಿಗೆ ಅದು ಸಾಕು.

ಈಗ ಯಾರೋ "ಬುಧವಾರ ಸಂಜೆಯೂ ರೇಸ್ ಇಡೋಣ" ಅನ್ನುತ್ತಾರೆ. ಮೇ ತಿಂಗಳಿಂದ ಆಗಸ್ಟ್ ತನಕ 16 ಸಂಜೆ, ಮೂರು ಮೂರು ಜನ, ಇನ್ನೂ 48 ಪಾಳಿ. ಒಟ್ಟು 198. ನಿಮ್ಮ 180 ಸಾಲದು. ಒಬ್ಬೊಬ್ಬರಿಗೆ ನಾಲ್ಕು ಪಾಳಿ ಮಾಡಬೇಕು, ಇಲ್ಲ ಬುಧವಾರ ಕೈಬಿಡಬೇಕು. ಈ ಲೆಕ್ಕವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ. "ಏನಾದ್ರೂ ಮಾಡಿ ಹೊಂದಿಸೋಣ ಬಿಡಿ" ಅನ್ನುವ ಮಾತಿಗೆ ಕಮಿಟಿ ತಲೆಯಾಡಿಸಿತೋ, ಆ 'ಹೊಂದಿಸುವ' ಕೆಲಸ ಕೊನೆಗೆ ಅದೇ ಇಬ್ಬರ ತಲೆಗೇ ಬರುತ್ತದೆ.

ಮಲೆನಾಡಿನ ಗದ್ದೆ ಕೆಲಸದ ಮುಯ್ಯಾಳು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ವಾರ ನೀವು ರೇಸ್ ಮಾಡುವಾಗ ಇನ್ನೊಬ್ಬರು ಚಳಿಯಲ್ಲಿ ಸೇಫ್ಟಿ ಬೋಟಿನಲ್ಲಿ ಕೂತಿರುತ್ತಾರೆ. ಮುಂದಿನ ವಾರ ಅವರು ನೀರಿಗಿಳಿದಾಗ ನೀವು ಕೂರಬೇಕು.

ಹಂತ 3: ಪಟ್ಟಿ ಚಳಿಗಾಲದಲ್ಲೇ ಹೊರಬರಲಿ

ಪಾಳಿ ಪಟ್ಟಿಯನ್ನು ಸದಸ್ಯತ್ವ ನವೀಕರಣದ ಜೊತೆಗೇ ಕೊಡಿ. ಹಣ ಕಟ್ಟುವಾಗಲೇ ಪಾಳಿಯೂ ಇದೆ ಅಂತ ಗೊತ್ತಿರಬೇಕು. ಜೂನ್‌ನಲ್ಲಿ ಬಂದು "ನನಗೆ ಯಾರೂ ಹೇಳಲೇ ಇಲ್ವಲ್ಲ" ಅನ್ನುವ ಸಂದರ್ಭ ಬರಬಾರದು. ಇಲ್ಲಿನ ಬಹಳಷ್ಟು ಕ್ಲಬ್ಬುಗಳು ಡ್ಯೂಟಿಮ್ಯಾನ್ ಅನ್ನೋ ಆನ್‌ಲೈನ್ ವ್ಯವಸ್ಥೆ ಬಳಸುತ್ತವೆ. ಅದು ಪಾಳಿಗೆ ಮುಂಚೆ ನೆನಪಿನ ಮೇಲ್ ಕಳಿಸುತ್ತದೆ. ಅದಲು ಬದಲನ್ನೂ ಸದಸ್ಯರು ಅಲ್ಲೇ ಮಾಡಿಕೊಳ್ಳಬಹುದು. ಸಣ್ಣ ಕ್ಲಬ್ಬಿಗೆ ಒಂದು ಸ್ಪ್ರೆಡ್‌ಶೀಟ್, ಒಂದು ವಾಟ್ಸಾಪ್ ಗುಂಪು ಸಾಕು.

ನಿಯಮ ಒಂದೇ ಇರಲಿ. ಬರಲಾಗದವರು ಬದಲಿಯನ್ನು ತಾವೇ ಹುಡುಕಬೇಕು. ಕಾರ್ಯದರ್ಶಿಗೆ ಫೋನ್ ಮಾಡಿ "ಈ ಭಾನುವಾರ ಆಗಲ್ಲ" ಅಂದುಬಿಟ್ಟರೆ ಕೆಲಸ ಮುಗಿಯಲಿಲ್ಲ. ಈ ನಿಯಮವನ್ನು ಒಂದು ಸಲ ಸಡಿಲಿಸಿದರೂ ಮತ್ತೆ ಬಿಗಿಮಾಡುವುದು ಕಷ್ಟ. ಹೊಸಬರನ್ನು ಮೊದಲ ಪಾಳಿಗೆ ಹಳಬರ ಜೊತೆಗೇ ಹಾಕಿ. ಸಣ್ಣ ಮಕ್ಕಳಿರುವ ಗಂಡ ಹೆಂಡತಿಗೆ ಒಂದೇ ದಿನ ಬೇಕಾ, ಬೇರೆಬೇರೆ ದಿನ ಬೇಕಾ ಅಂತ ಕೇಳಿಯೇ ಹಾಕಿ. ಒಬ್ಬೊಬ್ಬರ ಮನೆ ಒಂದೊಂದು ಥರ.

ನಮ್ಮವರಿಗೆ ಒಂದು ಕಿವಿಮಾತು. ಗಣೇಶನ ಹಬ್ಬ, ದಸರಾ, ಊರಿಗೆ ಹೋಗುವ ಬೇಸಿಗೆ ರಜೆ ಇವನ್ನೆಲ್ಲ ಪಟ್ಟಿ ಮಾಡುವವರಿಗೆ ಜನವರಿಯಲ್ಲೇ ಹೇಳಿಬಿಡಿ. ಅವರಿಗೆ ನಮ್ಮ ಪಂಚಾಂಗ ಗೊತ್ತಿರುವುದಿಲ್ಲ. ಹೇಳಿದರೆ ಖಂಡಿತ ಹೊಂದಿಸಿಕೊಡುತ್ತಾರೆ. ದಾಕ್ಷಿಣ್ಯಕ್ಕೆ ಸುಮ್ನಿದ್ದು ಆಮೇಲೆ ಒದ್ದಾಡುವುದು ಯಾಕೆ?

ಹಂತ 4: ಕೆಲಸ ಗೊತ್ತಿಲ್ಲದವರೂ ಮಾಡುವಂತಿರಲಿ

ಪಾಳಿ ತಪ್ಪಿಸಿಕೊಳ್ಳುವವರಲ್ಲಿ ಸೋಮಾರಿಗಳು ಕಡಿಮೆ. ಹೆಚ್ಚಿನವರಿಗೆ ಭಯ. ಹತ್ತು ದೋಣಿಗಳ ಎದುರು ಬಾವುಟ ತಪ್ಪಾಗಿ ಏರಿಸಿ ನಗೆಪಾಟಲಾಗುವ ಭಯ. ಅದಕ್ಕೆ ಮದ್ದು ಒಂದು ಹಾಳೆ. ಪ್ರತಿ ಪಾಳಿಗೂ ಒಂದೊಂದು, ಪ್ಲಾಸ್ಟಿಕ್ ಹೊದಿಕೆ ಹಾಕಿ, ಆ ಕೆಲಸ ನಡೆಯುವ ಜಾಗದಲ್ಲೇ ತೂಗುಹಾಕಿ.

ರೇಸ್ ಆರಂಭದ ಹಾಳೆ ಹೇಗಿರಬೇಕು ನೋಡಿ. ಆರಂಭಕ್ಕೆ 5 ನಿಮಿಷ ಇರುವಾಗ ಆ ರೇಸಿನಲ್ಲಿರುವ ವರ್ಗದ ದೋಣಿಗಳ ಬಾವುಟ ಮೇಲೆ, ಒಂದು ಹಾರ್ನ್. 4 ನಿಮಿಷಕ್ಕೆ ಪಿ ಬಾವುಟ ಮೇಲೆ, ಒಂದು ಹಾರ್ನ್. ನೀಲಿ ಬಟ್ಟೆಯ ನಡುವೆ ಬಿಳಿ ಚೌಕ ಇರುವುದೇ ಪಿ. 1 ನಿಮಿಷಕ್ಕೆ ಪಿ ಕೆಳಗೆ, ಒಂದು ಉದ್ದನೆಯ ಹಾರ್ನ್. ಸೊನ್ನೆಗೆ ವರ್ಗದ ಬಾವುಟ ಕೆಳಗೆ, ಒಂದು ಹಾರ್ನ್. ಅಷ್ಟೇ. ಹಾರ್ನ್ ಕೈಕೊಟ್ಟರೆ ಗಾಬರಿ ಬೇಡ, ನಿಯಮದ ಪ್ರಕಾರ ಲೆಕ್ಕಕ್ಕೆ ಬರುವುದು ಬಾವುಟವೇ. ಏನೋ ಗೊಂದಲ ಆಯಿತು ಅಂತಿಟ್ಟುಕೊಳ್ಳಿ. ಕೆಂಪು ಬಿಳಿ ಪಟ್ಟೆಯ ಎಪಿ ಬಾವುಟ ಏರಿಸಿ, ಎರಡು ಹಾರ್ನ್. ಅದರರ್ಥ ಆರಂಭ ಮುಂದಕ್ಕೆ ಹೋಗಿದೆ ಅಂತ. ನಿಧಾನವಾಗಿ ಉಸಿರು ತಗೊಳ್ಳಿ. ಎಪಿ ಇಳಿಸಿ ಒಂದು ಹಾರ್ನ್ ಕೊಟ್ಟರೆ, ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಮೊದಲಿಂದ. ಎಪಿ ಹಾಕಿದ್ದಕ್ಕೆ ಯಾರೂ ಬೈಯುವುದಿಲ್ಲ. ಇಷ್ಟು ಗೊತ್ತಾದರೆ ಹೊಸಬರ ಅರ್ಧ ಭಯ ಹೋಗುತ್ತದೆ. ಬಾವುಟಗಳಿಗೆ ಹೊಂದುವ ಬಣ್ಣದ ಚಿತ್ರ ಹಾಳೆಯಲ್ಲೇ ಇರಲಿ, ಬಾವುಟ ಇಡುವ ಗೂಡಿನ ಮೇಲೂ ಇರಲಿ.

ಸೇಫ್ಟಿ ಬೋಟಿನ ವಿಷಯ ಬೇರೆ. ಅಲ್ಲಿ ಹಾಳೆ ಸಾಲದು, ತರಬೇತಿ ಬೇಕೇ ಬೇಕು. ಬ್ರಿಟನ್ನಿನ ದೋಣಿ ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ರಾಯಲ್ ಯಾಟಿಂಗ್ ಅಸೋಸಿಯೇಷನ್‌ನ ಪವರ್‌ಬೋಟ್ ಲೆವೆಲ್ 2 ಕೋರ್ಸ್ ಎರಡು ದಿನದ್ದು. ಶುಲ್ಕವನ್ನು ಕ್ಲಬ್ಬೇ ಕೊಡಲಿ, ಬದಲಿಗೆ ಎರಡು ವರ್ಷ ಸೇಫ್ಟಿ ಬೋಟ್ ಪಾಳಿಗೆ ಬರುತ್ತೇನೆ ಅಂತ ಅವರಿಂದ ಮಾತು ತಗೊಳ್ಳಿ. ಇದು ಎಲ್ಲಕ್ಕಿಂತ ಒಳ್ಳೆಯ ಖರ್ಚು. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇದಕ್ಕೆ ಓಡೋಡಿ ಬರುತ್ತಾರೆ.

ಎಂಜಿನ್ನಿನ ಹತ್ತಿರ ಸುರುಳಿ ಸುರುಳಿಯಾದ ಒಂದು ಕೆಂಪು ದಾರ ಇರುತ್ತದೆ, ಕಿಲ್ ಕಾರ್ಡ್. ಒಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ತುದಿ ಓಡಿಸುವವರ ತೊಡೆಗೆ ಸುತ್ತಿ ಕೊಕ್ಕೆ ಹಾಕಬೇಕು. ಓಡಿಸುವವರು ನೀರಿಗೆ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. 2013ರ ಮೇ ತಿಂಗಳಲ್ಲಿ ಕಾರ್ನ್‌ವಾಲ್‌ನ ಪ್ಯಾಡ್‌ಸ್ಟೋ ಹತ್ತಿರ ಒಂದು ಕುಟುಂಬದ ಆರೂ ಜನ ಸ್ಪೀಡ್‌ಬೋಟಿನಿಂದ ನೀರಿಗೆ ಎಸೆಯಲ್ಪಟ್ಟರು. ಕಿಲ್ ಕಾರ್ಡ್ ಹಾಕಿರಲಿಲ್ಲ. ಚಾಲಕರಿಲ್ಲದ ಬೋಟ್ ಗಿರಗಿರ ಸುತ್ತಿ ಅವರ ಮೇಲೇ ಬಂತು. ತಂದೆ ಮತ್ತು ಎಂಟು ವರ್ಷದ ಮಗಳು ತೀರಿಕೊಂಡರು. ಎಷ್ಟೇ ಹಿರಿಯ ಸದಸ್ಯರಿರಲಿ, ದಾರ ಹಾಕದೆ ಎಂಜಿನ್ ಶುರು ಮಾಡಿದರೆ ಅವತ್ತಿನ ಪಾಳಿಯಿಂದ ಇಳಿಸಿ. ಇಲ್ಲಿ ಮುಲಾಜು ಬೇಡ.

ಮಗುಚಿದ ದೋಣಿಯ ಹತ್ತಿರ ಹೋದಾಗ ಮೊದಲು ತಲೆ ಎಣಿಸಿ. ದೋಣಿ ಆಮೇಲೆ. ಜನ ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಎಂಜಿನ್ ಆಫ್. ಇದನ್ನೂ ಬೋಟಿನ ಒಳಗೇ ಅಂಟಿಸಿ. ಗಾಳಿ ಜಾಸ್ತಿಯಾದರೆ ರೇಸ್ ರದ್ದು ಮಾಡುವ ಅಧಿಕಾರ ಅವತ್ತಿನ ರೇಸ್ ಅಧಿಕಾರಿಯದ್ದು. ದಂಡೆಯಲ್ಲಿ ನಿಂತ ಕಮೊಡೋರ್ ಕೂಡ "ಪರವಾಗಿಲ್ಲ, ನಡೆಸಿ" ಅನ್ನಬಾರದು. ಏಪ್ರಿಲ್‌ನಲ್ಲಿ ಇಲ್ಲಿನ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಬಿದ್ದ ತಕ್ಷಣ ಉಸಿರು ಕಟ್ಟುತ್ತದೆ.

ಹಂತ 5: ಕೇಳುವ ರೀತಿ

"ಕ್ಲಬ್ಬಿಗೆ ಸ್ವಯಂಸೇವಕರು ಬೇಕಾಗಿದ್ದಾರೆ, ದಯವಿಟ್ಟು ಮುಂದೆ ಬನ್ನಿ." ಈ ಮೆಸೇಜಿಗೆ ನೂರು ಜನರ ಗುಂಪಿನಲ್ಲಿ ಬರುವುದು ನಾಲ್ಕು ಹೆಬ್ಬೆಟ್ಟಿನ ಚಿತ್ರ ಮಾತ್ರ. ಅದರ ಬದಲು ಒಬ್ಬರಿಗೇ ಫೋನ್ ಮಾಡಿ: "ಮಾರ್ಚ್ ಎರಡನೇ ಶನಿವಾರ 10ರಿಂದ 12ರ ತನಕ ಟ್ರಾಲಿ ಚಕ್ರಗಳಿಗೆ ಗ್ರೀಸ್ ಹಾಕಬೇಕು. ಗ್ರೀಸ್ ಇದೆ, ಗ್ಲೌಸ್ ಇದೆ, ಜೊತೆಗೆ ಇನ್ನೊಬ್ಬರು ಇರ್ತಾರೆ. ಬರ್ತೀರಾ?" ಯಾವ ಕೆಲಸ, ಯಾವತ್ತು, ಎಷ್ಟು ಹೊತ್ತು, ಜೊತೆಗೆ ಯಾರು, ಇಷ್ಟಿದ್ದರೆ ಹೆಚ್ಚಿನವರು ಹೂಂ ಅನ್ನುತ್ತಾರೆ. ಆಗಲ್ಲ ಅಂದರೆ "ಸರಿ, ಮುಂದಿನ ಸಲ" ಅಂದು ಬಿಟ್ಟುಬಿಡಿ. ಮುಖ ಸಪ್ಪಗೆ ಮಾಡಬೇಡಿ.

ಮಂಡಿ ನೋವಿರುವ ಹಿರಿಯರು, ಮಗು ಇರುವ ತಾಯಂದಿರು, ಶಿಫ್ಟ್ ಕೆಲಸದವರು ಭಾನುವಾರದ ಪಾಳಿಗೆ ಸಿಗದೇ ಇರಬಹುದು. ಅವರಿಗೆ ಮನೆಯಿಂದ ಮಾಡುವ ಕೆಲಸ ಕೊಡಿ: ವೆಬ್‌ಸೈಟ್, ರೇಸ್ ಫಲಿತಾಂಶದ ಲೆಕ್ಕ, ವಿಮೆ ನವೀಕರಣ. ಅದನ್ನೂ ಪಾಳಿ ಅಂತಲೇ ಲೆಕ್ಕಹಾಕಿ. ಮಕ್ಕಳ ತರಬೇತಿಗೆ ನಿಲ್ಲುವವರಿಗೆ ಮಾತ್ರ ಸರ್ಕಾರದ ಹಿನ್ನೆಲೆ ಪರಿಶೀಲನೆ ಆಗಲೇಬೇಕು. ಇಂಗ್ಲೆಂಡಿನಲ್ಲಿ ಸ್ವಯಂಸೇವಕರಿಗೆ ಅದಕ್ಕೆ ಸರ್ಕಾರದ ಶುಲ್ಕವಿಲ್ಲ.

ಹಂತ 6: ಶ್ರಮದಾನದ ದಿನ

ಸೀಸನ್ನಿಗೆ ಮುಂಚೆ ಒಂದು, ಮುಗಿದ ಮೇಲೆ ಒಂದು ಸಾಕು. ಇಲ್ಲಿ ಎಡವುವುದು ಒಂದೇ ಕಡೆ. ಇಪ್ಪತ್ತು ಜನ ಬಂದಿರುತ್ತಾರೆ, ಬಣ್ಣ ತರಲು ಯಾರೋ ಅಂಗಡಿಗೆ ಹೋಗಿರುತ್ತಾರೆ. ಸಾಮಾನೆಲ್ಲ ಹಿಂದಿನ ದಿನವೇ ಬಂದಿರಬೇಕು. ಬಿಳಿ ಬೋರ್ಡಿನ ಮೇಲೆ ಕೆಲಸಗಳ ಪಟ್ಟಿ, ಪ್ರತಿಯೊಂದರ ಮುಂದೆ ಎಷ್ಟು ಜನ, ಯಾವ ಸಲಕರಣೆ. ಜೆಟ್ಟಿಯ ಹಲಗೆಗಳ ಪಾಚಿ ಪ್ರೆಷರ್ ವಾಷರ್‌ನಲ್ಲಿ ತೊಳೆಯುವುದು, ಬೋಯಿಗಳ (ರೇಸಿನ ದಾರಿ ತೋರಿಸುವ ತೇಲುಗುರುತುಗಳ) ಸರಪಳಿ ಸವೆದಿದೆಯಾ ನೋಡುವುದು, ಎಂಜಿನ್ನಿಗೆ ಸಿಹಿನೀರು ಹಾಯಿಸಿ ಎಣ್ಣೆ ಬದಲಿಸುವುದು. ಬಂದವರು ಹೆಸರು ಬರೆದು ಶುರು ಹಚ್ಚಿಕೊಳ್ಳಲಿ. 11ಕ್ಕೆ ಟೀ, 1 ಗಂಟೆಗೆ ಮುಕ್ತಾಯ. ಕೆಲಸ ಉಳಿದಿದ್ದರೂ ನಿಲ್ಲಿಸಿ. ಹೇಳಿದ ಹೊತ್ತಿಗೆ ಬಿಟ್ಟರೆ ಮುಂದಿನ ಸಲವೂ ಬರುತ್ತಾರೆ. ಇಲ್ಲಿಯವರ ಬೇಕನ್ ರೋಲ್ ಪಕ್ಕದಲ್ಲಿ ಒಂದು ದೊಡ್ಡ ಪಾತ್ರೆ ಬಿಸಿ ಉಪ್ಪಿಟ್ಟು ಇಟ್ಟು ನೋಡಿ, ಯಾವುದು ಮೊದಲು ಖಾಲಿ ಆಗುತ್ತೆ ಅಂತ.

ಅಂಗಳದ ಮೂಲೆಯಲ್ಲಿ ಹುಲ್ಲು ಬೆಳೆದ, ಯಾರದೆಂದು ಗೊತ್ತಿಲ್ಲದ ದೋಣಿಗಳು ಇದ್ದೇ ಇರುತ್ತವೆ. ಉತ್ಸಾಹದಲ್ಲಿ ಎತ್ತಿ ಬಿಸಾಡಬೇಡಿ. ಬ್ರಿಟನ್ನಿನ 1977ರ ಕಾಯ್ದೆಯೊಂದರ ಪ್ರಕಾರ, ಬಿಟ್ಟುಹೋದ ವಸ್ತುವನ್ನು ಮಾರುವ ಮೊದಲು ಮಾಲೀಕರನ್ನು ಹುಡುಕಿ ನೋಟಿಸ್ ಕೊಡಬೇಕು.

ಹಂತ 7: ನಾಯಕತ್ವ, ಅಂದರೆ ಬಿಟ್ಟುಕೊಡುವುದು

ಬ್ರಿಟಿಷ್ ಕ್ಲಬ್ಬುಗಳಲ್ಲಿ ಕಮೊಡೋರ್, ವೈಸ್ ಕಮೊಡೋರ್, ರಿಯರ್ ಕಮೊಡೋರ್ ಅಂತ ನೌಕಾಪಡೆಯ ಹೆಸರುಗಳು. ಕೇಳಲು ಜೋರಾಗಿದೆ, ಆದರೆ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮವರು "ಸರ್" ಅಂತ ಗೌರವ ಕೊಟ್ಟು ಕೆಲಸವನ್ನೆಲ್ಲ ಸರ್‌ಗೇ ಬಿಡುವುದುಂಟು, ಹಾಗೆ ಮಾಡಬೇಡಿ. ಬಹಳ ಕಡೆ ರಿಯರ್ ಆದವರು ವೈಸ್ ಆಗಿ, ಆಮೇಲೆ ಕಮೊಡೋರ್ ಆಗುತ್ತಾರೆ. ಒಂದೊಂದು ಹುದ್ದೆಯಲ್ಲೂ ಎರಡು ಮೂರು ವರ್ಷ. ಅವಧಿಯ ಮಿತಿಯನ್ನು ನಿಯಮಾವಳಿಯಲ್ಲೇ ಬರೆಯಿರಿ. ಇಲ್ಲದಿದ್ದರೆ ವಾರ್ಷಿಕ ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತಾ ಕೂತು, ಹಳಬರೇ "ಅವಿರೋಧವಾಗಿ" ಆಯ್ಕೆಯಾಗುತ್ತಾರೆ.

ಪ್ರತಿ ಕ್ಲಬ್ಬಿನಲ್ಲೂ ಒಬ್ಬರು ಇರುತ್ತಾರೆ. ಇಪ್ಪತ್ತು ವರ್ಷದಿಂದ ಎಂಜಿನ್ ಅವರೇ ರಿಪೇರಿ ಮಾಡುವುದು, ಪೆಟ್ರೋಲ್ ಶೆಡ್ಡಿನ ಬೀಗದ ಕೈ ಅವರ ಜೇಬಿನಲ್ಲೇ, ಬ್ಯಾಂಕಿನ ಪಾಸ್‌ವರ್ಡ್ ಅವರ ತಲೆಯಲ್ಲೇ. "ಯಾರೂ ಸಹಾಯ ಮಾಡಲ್ಲ" ಅಂತ ಬೇಜಾರು. ಸಹಾಯಕ್ಕೆ ಹೋದರೆ "ಹಾಗಲ್ಲ ಅದು, ಕೊಡಿ ಇಲ್ಲಿ". ಇವರಿಂದ ಕೆಲಸ ಕಿತ್ತುಕೊಂಡರೆ ಮನಸ್ಸು ಮುರಿದು ಕ್ಲಬ್ಬನ್ನೇ ಬಿಟ್ಟುಹೋಗುತ್ತಾರೆ. ಹಾಗೆಯೇ ಬಿಟ್ಟರೆ, ಅವರು ಹಾಸಿಗೆ ಹಿಡಿದ ವಾರ ಕ್ಲಬ್ ಮುಚ್ಚುತ್ತದೆ.

ಹೀಗೆ ಮಾಡಿ. ಅವರನ್ನು ಕಲಿಸುವವರ ಜಾಗದಲ್ಲಿ ಕೂರಿಸಿ. "ಈ ವರ್ಷ ಎಂಜಿನ್ ಸರ್ವಿಸ್ ಈ ಇಬ್ಬರಿಗೆ ತೋರಿಸಿಕೊಡ್ತೀರಾ? ನೀವು ಸ್ಪ್ಯಾನರ್ ಮುಟ್ಟಬಾರದು, ಬಾಯಲ್ಲಿ ಮಾತ್ರ ಹೇಳಬೇಕು." ನಗುತ್ತಲೇ ಹೇಳಿ, ಆದರೆ ಹೇಳಿ. ಹೊಸಬರು ನಿಧಾನಕ್ಕೆ ಮಾಡುತ್ತಾರೆ, ಒಂದು ಬೋಲ್ಟ್ ಉಲ್ಟಾ ಹಾಕುತ್ತಾರೆ, ಬಿಚ್ಚಿ ಮತ್ತೆ ಹಾಕುತ್ತಾರೆ. ಆ ಹೊತ್ತಲ್ಲಿ ಸುಮ್ನಿರುವುದೇ ಅವರಿಗೂ ನಿಮಗೂ ಕಷ್ಟದ ಭಾಗ. ಜೊತೆಗೆ, ಬೀಗದ ಕೈ ಮೂರು ಮಾಡಿಸಿ. ಬ್ಯಾಂಕ್ ಖಾತೆಗೆ ಕಡಿಮೆ ಅಂದರೂ ಇಬ್ಬರ ಸಹಿ ಇರಲಿ. ಪ್ರತಿ ಹುದ್ದೆಗೂ ಒಬ್ಬ ಉಪ ಇರಲಿ. ಒಂದೊಂದು ಹುದ್ದೆಗೂ ಎರಡು ಪುಟದ ಟಿಪ್ಪಣಿ ಬರೆಸಿಡಿ: ಯಾವ ತಿಂಗಳು ಏನು, ಯಾರಿಗೆ ಫೋನ್, ಯಾವ ಕಾಗದ ಎಲ್ಲಿ.

ಹಂತ 8: ಪಾಳಿಗೆ ಬಾರದವರಿಗೆ ದಂಡ ಬೇಕಾ?

"ಬರದವರಿಗೆ 50 ಪೌಂಡ್ ದಂಡ ಹಾಕಿ" ಅನ್ನುವವರು ಪ್ರತಿ ಸಭೆಯಲ್ಲೂ ಸಿಗುತ್ತಾರೆ. ನಾನು ಇದಕ್ಕೆ ವಿರೋಧಿ. ಇಸ್ರೇಲಿನ ಹೈಫಾದಲ್ಲಿ ಅರ್ಥಶಾಸ್ತ್ರಜ್ಞರಾದ ಯೂರಿ ಗ್ನೀಜಿ ಮತ್ತು ಆಲ್ಡೊ ರಸ್ಟಿಚಿನಿ ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗೆ ದಂಡ ಹಾಕಿದರು. ತಡವಾಗಿ ಬರುವವರು ಜಾಸ್ತಿಯಾದರು. ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ಮೊದಲು ಇದ್ದ ಸಂಕೋಚ ಹೋಗಿ, ದುಡ್ಡು ಕೊಟ್ಟರಾಯಿತು ಅನ್ನೋ ಭಾವನೆ ಬಂತು. ಕ್ಲಬ್ಬಿನಲ್ಲೂ ಅಷ್ಟೇ. 50 ಪೌಂಡ್ ಎಸೆದು ಪಾಳಿ ತಪ್ಪಿಸಿಕೊಳ್ಳುವವರು ನಾಲ್ಕು ಜನ ಆದರೆ ಉಳಿದವರಿಗೂ ಯಾಕೆ ಬೇಕು ಅನ್ನಿಸುತ್ತದೆ. ಆ ದುಡ್ಡಿನಿಂದ ಭಾನುವಾರ ಬೆಳಿಗ್ಗೆ ಸೇಫ್ಟಿ ಬೋಟ್ ಓಡುವುದಿಲ್ಲ.

ಒಂದು ಸಲ ತಪ್ಪಿಸಿದವರಿಗೆ ಫೋನ್ ಮಾಡಿ, ಕಾರಣ ಕೇಳಿ. ಅನೇಕ ಸಲ ಮನೆಯಲ್ಲಿ ನಿಜವಾದ ತೊಂದರೆ ಇರುತ್ತದೆ. ಎರಡನೇ ಸಲಕ್ಕೆ ಕಮೊಡೋರ್ ಎದುರೆದುರು ಕೂತು ಮಾತಾಡಲಿ. ಅದಾದ ಮೇಲೂ ಬಾರದಿದ್ದರೆ ಮುಂದಿನ ವರ್ಷ ನವೀಕರಣ ಇಲ್ಲ. ಗುಂಪಿನಲ್ಲಿ ಹೆಸರು ಹಾಕಿ ಮರ್ಯಾದೆ ತೆಗೆಯುವುದು ಮಾತ್ರ ಬೇಡವೇ ಬೇಡ.

ಊರಲ್ಲಿ ಶುರು ಮಾಡುವುದಾದರೆ

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಲು ಏಳು ಜನ ಸಾಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಕೊಡಬೇಕು. ಈ ಕೆಲಸಕ್ಕೇ ಅಂತ ಒಬ್ಬ ಕಾರ್ಯದರ್ಶಿ, ಒಬ್ಬ ಉಪಕಾರ್ಯದರ್ಶಿ ಮೊದಲ ದಿನದಿಂದ ಇರಲಿ. ನೀರು ಯಾವ ಇಲಾಖೆಯದ್ದು ಅಂತ ಮೊದಲು ತಿಳಿದುಕೊಂಡು, ಅನುಮತಿ ಲಿಖಿತವಾಗಿ ಕೈಗೆ ಬರುವ ತನಕ ದೋಣಿ ಕೊಳ್ಳಬೇಡಿ. ಬೋಟ್ ಓಡಿಸುವ, ಜೀವ ಉಳಿಸುವ ತರಬೇತಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಮೊದಲ ವರ್ಷವೇ ಇಬ್ಬರನ್ನು ಕಳಿಸಿ. ಮೊದಲ ಖರೀದಿ ಎಂಜಿನ್ ಇರುವ ಸೇಫ್ಟಿ ಬೋಟು ಮತ್ತು ಎಲ್ಲರ ಅಳತೆಗೂ ಲೈಫ್ ಜಾಕೆಟ್ ಆಗಿರಲಿ. ಹಾಯಿದೋಣಿ ಅದಾದ ಮೇಲೆ. ಮಕ್ಕಳಿಗೆ 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ಅನ್ನೋ ಪುಟ್ಟ ಹಾಯಿದೋಣಿ ಸಾಕು, ಇಬ್ಬರು ದೊಡ್ಡವರು ಎತ್ತಿಕೊಂಡೇ ನೀರಿಗೆ ಇಳಿಸಬಹುದು.

ನಮ್ಮ ಜಲಾಶಯಗಳಲ್ಲಿ ಇಂಗ್ಲೆಂಡಿಗಿಂತ ದೊಡ್ಡದಾದ ಒಂದು ಕೆಲಸ ಇದೆ. ಕೆಆರ್‌ಎಸ್ ತುಂಬಿದಾಗ 124.80 ಅಡಿ ಇರುವ ನೀರು ಬೇಸಿಗೆಗೆ ಬಹಳ ಕೆಳಗೆ ಇಳಿಯುತ್ತದೆ. ದಂಡೆಯೇ ದೂರ ಸರಿದು, ನಡುವೆ ಮೊಣಕಾಲುದ್ದ ಕೆಸರು. ಸಿಮೆಂಟಿನ ಜೆಟ್ಟಿ ಕಟ್ಟಿದರೆ ಅರ್ಧ ವರ್ಷ ಒಣಗಿ ನಿಂತಿರುತ್ತದೆ. ತೇಲುವ ಜೆಟ್ಟಿ, ಜೋಡಿಸಿ ಬಿಚ್ಚುವ ಹಲಗೆ ದಾರಿ ಮಾಡಿಕೊಳ್ಳಿ. ನೀರು ಇಳಿಯುವ ತಿಂಗಳುಗಳಲ್ಲಿ ಅದನ್ನು ಮುಂದಕ್ಕೆ ಸರಿಸಲು ಎಂಟು ಜನ ಬೇಕು. ಹಂತ 2ರ ಲೆಕ್ಕದಲ್ಲಿ ಈ ಪಾಳಿಯನ್ನೂ ಸೇರಿಸಿಕೊಳ್ಳಿ.